ಸುಣ್ಣದ ಗೆರೆಯ ಕೋಣೆ

ನಮ್ಮ ಹೊಸ ಮನೆಯ ನಕ್ಷೆ ಬರೆದವನು ನಾನೇ. ಬರೆಯುವಾಗ ಗೋಡೆಗಳಿಗೆ ಜಾಗ ಬಿಡುವುದನ್ನು ಮರೆತೆ.

ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಿಜವೇ ಇರಬೇಕು ಎಂದುಕೊಳ್ಳುತ್ತಾರೆ. ನಿಜವೇ. ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲು, ಅಪ್ಪ ಅಮ್ಮನ ಕೋಣೆ, ಅತ್ತೆಯ ಕೋಣೆ, ನನ್ನ ಓದುವ ಕೋಣೆ, ಎಲ್ಲದರ ಉದ್ದಗಲವನ್ನೂ ಅಡಿ ಅಂಗುಲಗಳಲ್ಲಿ ಕೂಡಿಸಿದ್ದೆ. ಒಂದು ಕೋಣೆಗೂ ಇನ್ನೊಂದಕ್ಕೂ ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಆ ಗೆರೆಯೇ ಗೋಡೆ. ಪೆನ್ಸಿಲ್ ಎಷ್ಟು ಚೂಪಾಗಿತ್ತೋ ಗೋಡೆ ಅಷ್ಟು ತೆಳ್ಳಗೆ. ಅಂಥ ಮನೆಯಲ್ಲಿ ಯಾರಾದರೂ ಜೋರಾಗಿ ಸೀನಿದ್ದರೆ ಸೂರು ಪಕ್ಕದ ಸೈಟಿಗೆ ಹೋಗಿ ಕೂರುತ್ತಿತ್ತು.

ನನಗೆ ಈ ಕೆಲಸ ಒಪ್ಪಿಸಿದ್ದು ಅಪ್ಪ. ನಾನು ಓವರ್‌ಸೀಯರ್ ಪರೀಕ್ಷೆಗೆ ಓದಲು ಹೋಗಿ, ಮೊದಲ ವರ್ಷದ ನಡುವೆಯೇ ಲೆಕ್ಕದ ಮೇಲೂ ಹಾಸ್ಟೆಲಿನ ಸಾರಿನ ಮೇಲೂ ಮುನಿಸಿಕೊಂಡು ಊರಿಗೆ ಬಂದಿದ್ದೆ. ಬರುವಾಗ ಕಲಿತ ವಿದ್ಯೆಯ ಗುರುತಾಗಿ, ನಕ್ಷೆಯ ಗೆರೆ ಎಳೆಯುವ ಒಂದು ಮರದ ಟಿ-ಸ್ಕ್ವೇರ್ ತಂದಿದ್ದೆ. ಅದನ್ನು ಹೆಗಲ ಮೇಲಿಟ್ಟುಕೊಂಡು ಅಜ್ಜಂಪುರ ಸ್ಟೇಷನ್ನಿನಲ್ಲಿ ಇಳಿದಾಗ, ಬುಕ್ಕಾಂಬುಧಿ ಕಡೆಯ ರೈತನೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಬಿತ್ತನೆಗೆ ಸ್ವಾಮಿ?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಆದರೆ ಮನೆಯವರ ಪಾಲಿಗೆ ನಾನು ಇಂಜಿನಿಯರನೇ. ಪೂರ್ತಿ ಓದಿದ್ದರೆ ಇನ್ನೂ ದೊಡ್ಡ ಇಂಜಿನಿಯರ್ ಆಗುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆಣೆ ಹೋಗಿ ನಯಾಪೈಸೆ ಬಂದಿದ್ದ ಕಾಲ. ಹಳೇ ಪೇಟೆಯ ಕೂಡುಮನೆ ದೊಡ್ಡಪ್ಪಂದಿರ ನಡುವೆ ಪಾಲಾಗಿ, ನಮಗೆ ರೈಲ್ವೆ ಗೇಟಿನ ಆಚೆ ಹೊಸ ಬಡಾವಣೆಯಲ್ಲಿ ಸೈಟು ಸಿಕ್ಕಿತ್ತು. ಬಡಾವಣೆ ಎಂದರೆ ಹಿಂದಿನ ವರ್ಷ ಜೋಳ ನಿಂತಿದ್ದ ಹೊಲ. ನಂಬರು ಬರೆದ ಕಲ್ಲುಗಳು ಸಾಲಾಗಿ ನಿಂತಿದ್ದವು, ಮನೆ ಒಂದೂ ಇರಲಿಲ್ಲ. ದೂರದಿಂದ ನೋಡಿದರೆ ಮನೆ ಕಟ್ಟುವ ಜಾಗದಂತೆ ಕಾಣುತ್ತಿರಲಿಲ್ಲ, ಊರೊಂದನ್ನು ಹೂಳಿ ಗುರುತಿಗೆ ಕಲ್ಲು ನೆಟ್ಟಂತೆ ಕಾಣುತ್ತಿತ್ತು.

ಅಲ್ಲಿಗೆ ಒಂದು ಹೊಸ ಕಾನೂನು ಬೇರೆ. ಸೈಟಿನ ಅರ್ಧಕ್ಕಿಂತ ಹೆಚ್ಚು ಜಾಗದ ಮೇಲೆ ಸೂರು ಬರಕೂಡದು, ಉಳಿದದ್ದು ಸುತ್ತ ಬಯಲಾಗಿಯೇ ಇರಬೇಕು. ಗೋಡೆಗೆ ಗೋಡೆ ಅಂಟಿಸಿಕೊಂಡು ಬದುಕಿದ್ದ ಪೇಟೆಯವರಿಗೆ ಇದು ಅರ್ಥವಾಗಲಿಲ್ಲ. ಅಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಕೇಳಿದ.

"ಅಲ್ಲ ಕಣೋ, ಕಟ್ಟದೆ ಬಿಡೋ ಜಾಗದಾಗೆ ಯಾರಿರ್ತಾರೆ?"

"ಯಾರೂ ಇರಲ್ಲ ಅಪ್ಪ. ಗಾಳಿ, ಬೆಳಕು."

"ಯಾರೂ ಇಲ್ದೆ ಜಾಗ ಸುಮ್ನಿರ್ತದಾ?"

"ಹಾಗಾದ್ರೆ ಮೇಲೊಂದು ಮಹಡಿ ಎಬ್ಬಿಸಿಬಿಡಾಣ."

"ದೇವರ ಮನೆ ತಲೆ ಮೇಲೆ ಕಾಲಿಟ್ಕಂಡು ಓಡಾಡೋರ್ ಯಾರು, ನೀನಾ?" ಎಂದ ಅಪ್ಪ. ಮಹಡಿಯ ಮಾತು ಅಲ್ಲಿಗೆ ಮುಗಿಯಿತು. ಇರುವುದೆಲ್ಲ ನೆಲದ ಮೇಲೇ ಇರಬೇಕು, ಅದೂ ಅರ್ಧ ನೆಲದ ಮೇಲೆ.

ಈಗ ಅತ್ತೆಯ ವಿಷಯ ಹೇಳಬೇಕು, ಏಕೆಂದರೆ ಈ ಮನೆಯಿಂದ ಏನಾದರೂ ನಿಜವಾಗಿ ಬೇಕಾಗಿದ್ದುದು ಅವಳೊಬ್ಬಳಿಗೇ. ಅಪ್ಪನ ಅಕ್ಕ. ಮದುವೆಯಾಗಿ ಚೌಳಹಿರಿಯೂರಿಗೆ ಹೋದವಳು, ಸೀರೆಯ ನಿರಿಗೆ ಸರಿಯಾಗಿ ಹಿಡಿಯಲು ಕಲಿಯುವ ಮೊದಲೇ ಗಂಡನನ್ನು ಕಳೆದುಕೊಂಡು ವಾಪಸು ಬಂದಿದ್ದಳು. ಅಂದಿನಿಂದ ಹಳೇ ಮನೆಯ ಕಾಳಿನ ಕೋಣೆಯಲ್ಲಿ, ರಾಗಿ ತುಂಬಿದ ಆಳೆತ್ತರದ ಮಣ್ಣಿನ ವಾಡೆಗಳ ಸಂದಿಯಲ್ಲಿ ಅವಳ ಹಾಸಿಗೆ. ಆ ಕೋಣೆಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ರಾಗಿ ಬೇಕಾದವರು, ಹುರುಳಿ ಬೇಕಾದವರು, ಬೆಕ್ಕು ಹುಡುಕುವವರು, ಎಲ್ಲರೂ ಯಾವಾಗ ಬೇಕಾದರೂ ಒಳಗೆ ಬರುತ್ತಿದ್ದರು. ಅವಳು ಸೀರೆ ಬದಲಿಸುವುದಾದರೆ ವಾಡೆಯ ಹಿಂದೆ, ಅಳುವುದಾದರೆ ವಾಡೆಯ ಒಳಗೆ ತಲೆ ಹಾಕಿ.

ನಾನು ಟಿ-ಸ್ಕ್ವೇರ್ ಹಿಡಿದು ಕೂತ ದಿನ ಅವಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಲೇ ಇಂಜಿನಿಯರ್ರು, ನಂಗೂ ಒಂದು ಕೋಣೆ ಬರಿ. ದೊಡ್ಡದೇನ್ ಬ್ಯಾಡ. ಒಳಗಿಂದ ಅಗುಳಿ ಹಾಕ್ಕಳಂಗಿರ್ಲಿ, ಸಾಕು."

"ಯಾಕತ್ತೆ, ಕಳ್ಳರ ಭಯವಾ?"

"ಇಷ್ಟು ವರ್ಷದಾಗೆ ಕಳ್ಳರೊಬ್ರು ಬಂದಿಲ್ಲ ಕಣೋ. ಮಿಕ್ಕೋರೆಲ್ಲ ಬಂದವ್ರೆ."

ಬರೆದೆ. ಬಾಗಿಲು, ಕಿಟಕಿ, ಗೂಡು, ಎಲ್ಲ ಇಟ್ಟು ಬರೆದೆ. ಎಲ್ಲ ಸೇರಿ ಸೈಟಿನ ಅರ್ಧದೊಳಗೆ ಚೆಂದವಾಗಿ ಕೂತಿತು. ನನ್ನ ಬುದ್ಧಿಗೆ ನಾನೇ ಬೆರಗಾಗಿ ನಕ್ಷೆಯನ್ನು ಸುತ್ತಿಕೊಂಡು ತರೀಕೆರೆ ಬಸ್ಸು ಹತ್ತಿದೆ.

ಅಲ್ಲಿ ನಕ್ಷೆಗೆ ಮಂಜೂರಾತಿ ಕೊಡುವ ಕಚೇರಿಯ ಓವರ್‌ಸೀಯರು ಅದನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಒಂದೊಂದು ಸೀಸದ ಬಿಲ್ಲೆ ಇಟ್ಟು, ಬಹಳ ಮರ್ಯಾದೆಯಿಂದ ನೋಡಿದರು.

"ಏನಪ್ಪಾ, ಈ ಮನೆಗೆ ಗೋಡೆ ಬೇಡವೋ?"

"ಇದಾವಲ್ಲ ಸಾರ್. ಗೆರೆ."

"ಗೆರೆ ಮೇಲೆ ಹೆಂಚು ನಿಲ್ಲುತ್ತಾ?"

ಅವರು ಕೆಂಪು ಪೆನ್ಸಿಲ್ ತೆಗೆದು ಪ್ರತಿ ಗೆರೆಗೂ ಗೋಡೆಯ ದಪ್ಪ ಹಾಕುತ್ತ ಹೋದರು. ಮಣ್ಣಿನಲ್ಲಿ ಕಟ್ಟುವ ಇಟ್ಟಿಗೆ ಗೋಡೆ, ದಪ್ಪವಾಗಿಯೇ ಇರಬೇಕು. ಕೆಂಪು ಬಣ್ಣ ಹರಡಿದಂತೆ ಕೋಣೆಗಳು ಒಂದನ್ನೊಂದು ತಳ್ಳತೊಡಗಿದವು. ತಳ್ಳಿ ತಳ್ಳಿ, ಕೊನೆಗೆ ಕಾನೂನಿನ ಗಡಿಯಿಂದ ಒಂದು ಕೋಣೆ ಆಚೆ ಬಿತ್ತು. ಅಳೆದು ನೋಡಿದೆ. ಹೆಚ್ಚಾದದ್ದು ಅತ್ತೆಯ ಕೋಣೆಯಷ್ಟೇ ಇತ್ತು, ಒಂದಂಗುಲ ಆಚೆಗಿಲ್ಲ, ಈಚೆಗಿಲ್ಲ. ಮನೆಯ ಗೋಡೆಗಳೆಲ್ಲ ಸೇರಿ ಅವಳ ಕೋಣೆಯನ್ನು ತಿಂದುಹಾಕಿದ್ದವು.

ಮತ್ತೆ ಬರೆದೆ. ದೇವರಮನೆ ಕಿರಿದು ಮಾಡಲು ಅಪ್ಪ ಬಿಡಲಿಲ್ಲ. ಅಡುಗೆಮನೆ ಕಿರಿದು ಮಾಡಿದರೆ ಒಲೆ ಬಾಗಿಲಿಗೆ ಬರುತ್ತಿತ್ತು. ನನ್ನ ಓದುವ ಕೋಣೆಯನ್ನು ಮುಟ್ಟುವ ಯೋಚನೆ ನನಗೆ ಬರಲಿಲ್ಲ. ಅಪ್ಪನಿಗೂ ಬರಲಿಲ್ಲ. ಮಗ ಮತ್ತೆ ಓದುತ್ತಾನೆ ಎನ್ನುವ ಆಸೆಗೆ ಇರಲು ಜಾಗ ಬೇಕಿತ್ತಲ್ಲ. ಹಾಗಾಗಿ ರಬ್ಬರು ತೆಗೆದುಕೊಂಡು ಅತ್ತೆಯ ಕೋಣೆಯನ್ನು ಅಳಿಸಿದೆ. ಹೊಸ ನಕ್ಷೆಗೆ ಕಚೇರಿಯ ಮೊಹರು ಬಿತ್ತು. ಅತ್ತೆಗೆ ಮಾತ್ರ ಯಾರೂ ಹೇಳಲಿಲ್ಲ. ಅಮ್ಮ ಹೇಳುತ್ತಾಳೆಂದು ಅಪ್ಪ, ಅಪ್ಪ ಹೇಳುತ್ತಾನೆಂದು ಅಮ್ಮ, ಇಬ್ಬರಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆಂದು ನಾನು.

ಆಷಾಢ ಹಿಡಿದರೆ ಪಾಯ ತೋಡುವಂತಿಲ್ಲ. ಅದಕ್ಕೆ ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ ಪೂಜೆ ಮಾಡಿ, ನೆಲದ ಮೇಲೆ ಮನೆ ಗುರುತು ಹಾಕಿಬಿಡುವುದು, ಶ್ರಾವಣದಲ್ಲಿ ಕೆಲಸ ಹಿಡಿಯುವುದು ಎಂದಾಯಿತು. ಗಾರೆ ಮೇಸ್ತ್ರಿ ಪೇಟೆಯ ಸಾಬರು. ಅಜ್ಜಂಪುರದ ಅರ್ಧ ಮನೆಗಳು ಅವರ ವಂಶದವರ ಕೈಯಲ್ಲೇ ಎದ್ದದ್ದು, ಇನ್ನರ್ಧ ತಮ್ಮ ವಂಶದವರು ಕಟ್ಟದೇ ಇದ್ದುದರಿಂದಲೇ ಬಿದ್ದದ್ದು ಎನ್ನುತ್ತಿದ್ದರು. ಅವರು ಗೂಟ ಹೊಡೆದು ಹಗ್ಗ ಕಟ್ಟಿದರು. ನಾನು ಮಂಕರಿಯಲ್ಲಿ ಸುಣ್ಣದ ಪುಡಿ ಹಿಡಿದು ಹಗ್ಗದ ಗುಂಟ ಗೆರೆ ಸುರಿಯುತ್ತ ಹೋದೆ. ಮುಗಿಯುವ ಹೊತ್ತಿಗೆ ಬಯಲಿನ ನಡುವೆ ಬೆಳ್ಳಗೆ ಒಂದು ಮನೆ ಮಲಗಿತ್ತು.

ಬಲಗಾಲಿಟ್ಟು ಒಳಗೆ ಹೋದೆವು. ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ಹೋದೆವು, ಗೆರೆ ದಾಟಲಿಲ್ಲ. ಅಪ್ಪ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬೀದಿ ನೋಡಿದ. ಅಮ್ಮ ಅಡುಗೆಮನೆಗೆ ಹೋಗಿ ಒಲೆ ಬರುವ ಕಡೆ ಮುಖ ಮಾಡಿ ನಿಂತಳು, ಕೈ ತಾನಾಗಿ ಏನನ್ನೋ ತಿರುವಿತು. ನಾನು ನನ್ನ ಓದುವ ಕೋಣೆಗೆ ಹೋಗಿ ಆಕಳಿಸಿದೆ.

ಅತ್ತೆ ಮಾತ್ರ ನಡುಮನೆಯಲ್ಲಿ ನಿಂತು ಸುತ್ತ ನೋಡುತ್ತಿದ್ದಳು.

"ನಂದೆಲ್ಲಿ?"

ಅಪ್ಪನಿಗೆ ಇದ್ದಕ್ಕಿದ್ದಂತೆ ಒಂದು ಗೂಟದ ಮೇಲೆ ಬಹಳ ಆಸಕ್ತಿ ಹುಟ್ಟಿತು. ಅಮ್ಮ ಕಾಲ್ಬೆರಳು ನೋಡಿಕೊಂಡಳು. ಮೇಸ್ತ್ರಿ ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದರು. ನನ್ನ ಮಂಕರಿಯಲ್ಲಿ ಇನ್ನೂ ಒಂದಿಷ್ಟು ಸುಣ್ಣ ಉಳಿದಿತ್ತು. ಅದು ಉಳಿಯದೇ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾನು ಹಿತ್ತಲ ಕಡೆ ನಡೆದು, ಕಾನೂನು ಬಯಲು ಬಿಡಬೇಕೆಂದ ಜಾಗದಲ್ಲಿ, ಹಗ್ಗವಿಲ್ಲದೆ ಗೂಟವಿಲ್ಲದೆ, ಕಣ್ಣಂದಾಜಿನಲ್ಲಿ ಒಂದು ಚೌಕ ಸುರಿದೆ. ಬಾಗಿಲಿಗೆ ಜಾಗ ಬಿಟ್ಟೆ.

"ಇದೇ ಅತ್ತೆ."

"ಮನೆಗೆ ಅಂಟ್ಕಂಡಿಲ್ವಲ್ಲೋ?"

"ಬೇರೆ ಇರ್ಲಿ ಅಂತ. ಗಾಳಿ ಬೆಳಕು."

"ಅಗುಳಿ?"

"ಒಳಗಿಂದ."

ಅವಳು ಬಾಗಿಲಿನಿಂದ ಒಳಗೆ ಹೋಗಿ ನಡುವೆ ನಿಂತಳು. ನಾಲ್ಕೂ ಕಡೆ ತಿರುಗಿ ನೋಡಿದಳು. ಅವಳ ಮುಖ ನೋಡಿ ಅಪ್ಪ ಮತ್ತೆ ತನ್ನ ಗೂಟದ ಕಡೆ ತಿರುಗಿದ. ಆಷಾಢದ ಗಾಳಿಗೆ ಎಲ್ಲ ಗೆರೆಯೂ ಹಾರಿಹೋಗುತ್ತದೆ, ಜೊತೆಗೆ ಈ ಮಾತೂ ಹಾರಿಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನನ್ನ ಲೆಕ್ಕ ಎಂಥದೆಂದು ಮೊದಲೇ ಹೇಳಿದ್ದೇನೆ.

ಆಷಾಢದ ಗಾಳಿ ಬಂತು. ನಮ್ಮ ಕಡೆಯ ಗಾಳಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಹಗಲಿಡೀ ಒಂದೇ ಸಮನೆ ಬಯಲಿನ ಮೇಲೆ ಏನನ್ನೋ ಎಳೆದುಕೊಂಡು ಹೋಗುತ್ತಿರುತ್ತದೆ. ಪಡಸಾಲೆ ಹಾರಿಹೋಯಿತು. ನಡುಮನೆ, ದೇವರಮನೆ, ನನ್ನ ಓದುವ ಕೋಣೆ, ಎಲ್ಲ ಹೋಗಿ ಬರೀ ಗೂಟಗಳು ಉಳಿದವು. ಹಿತ್ತಲಿನ ಚೌಕ ಮಾತ್ರ ಹಾಗೇ ಇತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ, ಅತ್ತೆ ಮಧ್ಯಾಹ್ನದ ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗುತ್ತಿದ್ದಳು. ನೆಲ ಸಾರಿಸಿದಳು. ಗೆರೆಯ ಮೇಲೆ ಕೆಮ್ಮಣ್ಣು ಮೆತ್ತಿದಳು. ಬಾಗಿಲ ಮುಂದೆ ರಂಗೋಲಿ ಹಾಕಿದಳು. ಪಾಪ, ಹೊತ್ತು ಹೋಗಲಿ ಎಂದು ನಾವೂ ಸುಮ್ಮನಿದ್ದೆವು.

ಒಂದು ದಿನ ಅಪ್ಪ ಮಂಡಿಯ ವ್ಯಾಪಾರ ಮುಗಿಸಿ ಬೇಗ ಬಂದ. ಬಡಿಸುವವರು ಯಾರೂ ಕಾಣಲಿಲ್ಲ. "ಅಕ್ಕ ಸೈಟಿನ ತಾವ ಇರ್ಬೇಕು, ಕರ್ಕಂಡ್ ಬಾ" ಎಂದು ನನ್ನನ್ನು ಅಟ್ಟಿದ. ಗೇಟು ದಾಟಿ ಹೋದೆ. ಗಾಳಿ ನನ್ನ ಪಂಚೆಯನ್ನು ಕಿತ್ತು ಹುಬ್ಬಳ್ಳಿ ಪ್ಯಾಸೆಂಜರಿಗೆ ಹಾಕಿ ಕಳಿಸುವಷ್ಟು ಜೋರಾಗಿತ್ತು. ಎರಡು ಕೈಯಲ್ಲೂ ಪಂಚೆ ಹಿಡಿದುಕೊಂಡು ನೋಡಿದರೆ, ಅತ್ತೆ ಚೌಕದ ನಡುವೆ ಕೂತು ಕೌದಿ ಹೊಲಿಯುತ್ತಿದ್ದಾಳೆ.

"ಅತ್ತೇ," ಎಂದೆ. ತಲೆ ಎತ್ತಲಿಲ್ಲ.

ಹತ್ತಿರ ಹೋದೆ. ಗೆರೆಯ ಈಚೆ ನಿಂತು, ಕೈಚಾಚಿದರೆ ಮುಟ್ಟುವಷ್ಟು ದೂರದಿಂದ, ಪೇಟೆಗೆ ಕೇಳುವಂತೆ ಕೂಗಿದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಗೆ ಪೋಣಿಸಿ, ಮತ್ತೆ ಹೊಲಿಯತೊಡಗಿದಳು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳ ಸೆರಗು. ನನ್ನ ಪಂಚೆ ಪಟಪಟ ಬಡಿದುಕೊಳ್ಳುತ್ತಿತ್ತು, ಪಕ್ಕದ ಸೈಟಿನ ಒಣಹುಲ್ಲು ನೆಲಕ್ಕೆ ಮಲಗಿತ್ತು. ಅತ್ತೆಯ ಸೆರಗು ಹೆಗಲಿನಿಂದ ನೇರ ಇಳಿಬಿದ್ದಿತ್ತು. ಅಂಚು ಕೂಡ ಅಲುಗುತ್ತಿರಲಿಲ್ಲ. ಅವಳ ಪಕ್ಕದಲ್ಲಿಟ್ಟಿದ್ದ ದಾರದ ಎಳೆಗಳು ಇಟ್ಟ ಹಾಗೇ ಇದ್ದವು.

ನಾನು ಧೈರ್ಯವಂತ. ಆ ಧೈರ್ಯ ಆಗ ಪಂಚೆ ಹಿಡಿದುಕೊಳ್ಳುವುದರಲ್ಲಿ ಮುಳುಗಿದ್ದರಿಂದ ಬೇರೆ ಕೆಲಸಕ್ಕೆ ಸಿಗಲಿಲ್ಲ. ಬಾಗಿಲಿನ ಕಡೆ ಹೋಗಿ ನಿಂತೆ. ಏನೂ ಇಲ್ಲದ ಜಾಗದಲ್ಲಿ ಕೈ ಎತ್ತಿ ಬಡಿದೆನೋ ಇಲ್ಲವೋ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಕೌದಿ ಮಡಚಿಟ್ಟು ಎದ್ದು ಬಂದಳು. ನನ್ನ ಎದೆಯ ಎತ್ತರಕ್ಕೆ ಕೈ ತಂದು, ಏನನ್ನೋ ಹಿಡಿದು, ಪಕ್ಕಕ್ಕೆ ಸರಿಸಿದಳು. ಸರಿಸುವಾಗ ಒಂದು ಕಡೆ ಬಿಗಿಯಾಯಿತು, ಅಂಗೈಯಿಂದ ಗುದ್ದಿದಳು. ಆಮೇಲೆ ಕೈಯನ್ನು ತನ್ನ ಕಡೆ ಎಳೆದುಕೊಂಡಳು. ಆ ಕ್ಷಣಕ್ಕೇ ಸೆರಗು ಹಾರಿತು.

"ಯಾವಾಗ್ ಬಂದ್ಯೋ? ಕೂಗ್ದಾ?"

"ಆಗ್ಲಿಂದ."

"ಒಳಗೆ ಕೇಳ್ಸಲ್ಲ ಕಣೋ," ಎಂದಳು, ಸಂತೋಷವಾಗಿ. ಹೊರಗೆ ಬಂದು ಬಾಗಿಲು ಮುಂದಕ್ಕೆಳೆದು ನನ್ನ ಜೊತೆ ಮನೆಗೆ ಬಂದಳು. ಅಪ್ಪನಿಗೆ ಮುದ್ದೆ ಬಡಿಸಿದಳು. ನಾನು ನಾಲ್ಕು ಮುದ್ದೆ ಉಂಡೆ. ಹೆದರಿದಾಗ ನನಗೆ ಹಸಿವು ಜಾಸ್ತಿ.

ಶ್ರಾವಣದಲ್ಲಿ ಮೇಸ್ತ್ರಿ ಆಳುಗಳ ಜೊತೆ ಬಂದು ಪಾಯ ಹಿಡಿದರು. ಮಣ್ಣು ಹೊರುವ ಹೆಂಗಸರು ಹಿತ್ತಲ ಮೂಲೆಯ ಗುಡ್ಡೆಗೆ ಮಣ್ಣು ಸುರಿಯಬೇಕಿತ್ತು. ನೇರ ಹೋದರೆ ಅತ್ತೆಯ ಚೌಕದ ಮೇಲೇ ದಾರಿ. ಒಬ್ಬಳೂ ಅದರ ಮೇಲೆ ಕಾಲಿಡಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು, ಮಾತಾಡುತ್ತ ನಗುತ್ತ ಬರುವರು, ಅಲ್ಲಿಗೆ ಬರುತ್ತಲೇ ಮೂಲೆ ತಿರುಗುವರು. ಯಾರೂ ಕೆಳಗೆ ನೋಡುತ್ತಿರಲಿಲ್ಲ. ಒಬ್ಬಳು ತಿರುಗುವಾಗ ಭುಜ ತಾಗದಂತೆ ಮೈ ಸ್ವಲ್ಪ ಒಳಗೆಳೆದುಕೊಂಡಳು.

"ಇಂಜಿನಿಯರ್ ಸಾಹೇಬ್ರೇ, ನಿಮ್ಮ ಕೋಣೆ ಸುತ್ತಿ ಬರೋದ್ರಾಗೆ ಅರ್ಧ ಕೂಲಿ ಹೋಯ್ತೈತೆ," ಎಂದರು ಮೇಸ್ತ್ರಿ.

"ಅಡ್ಡ ಹಾಯ್ರಿ ಅಂತ ಹೇಳಿ ಮೇಸ್ತ್ರಿ. ಏನೂ ಇಲ್ಲ ಅಲ್ಲಿ."

"ನೀವೇ ಒಂದ್ಸಾರಿ ಹಾದ್ ತೋರ್ಸಿ. ನಿಮ್ ಹಿಂದೆ ನಾನ್ ಬತ್ತೀನಿ."

"ನನ್ನ ಕಾಲು ಉಳುಕಿದೆ."

"ಅಂಗೇ ಇರ್ಲಿ, ಪಾಪ. ಹೆಂಗಸರ ಕೋಣೆ, ನುಗ್ಗೋಕಾಗ್ತದಾ?" ಎಂದು ಅವರು ಬೀಡಿ ಹಚ್ಚಿದರು.

ಪಾಯ ನಕ್ಷೆಯ ಪ್ರಕಾರವೇ ಇದೆಯೋ ಎಂದು ನೋಡಲು ಓವರ್‌ಸೀಯರು ತರೀಕೆರೆಯಿಂದ ಬಂದರು. ಟೇಪಿನ ಒಂದು ತುದಿ ನನಗೆ ಕೊಟ್ಟು, ಇನ್ನೊಂದು ಹಿಡಿದು, ಪಾಯವನ್ನೆಲ್ಲ ಅಳೆದು ತಲೆಯಾಡಿಸಿದರು. ಬಿಟ್ಟ ಬಯಲು ಅಳೆಯಲು ಹಿತ್ತಲ ಕಡೆ ಬಂದವರು ಗೆರೆಯ ಹತ್ತಿರ ನಿಂತುಬಿಟ್ಟರು. ಒಳಗೆ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಇದು ನಕ್ಷೆಯಲ್ಲಿಲ್ಲ," ಎಂದರು. ದನಿ ಯಾಕೋ ತಗ್ಗಿತ್ತು.

"ಏನೂ ಇಲ್ಲ ಸಾರ್ ಇದು. ಬರೀ ನೆಲ."

"ಮತ್ತೆ ಅವರು ಒಳಗೆ ಕೂತಿದ್ದಾರಲ್ಲ?"

"ಒಳಗಲ್ಲ ಸಾರ್, ಹೊರಗೇ ಕೂತಿದ್ದಾರೆ."

ಅವರು ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ನಕ್ಷೆ ಬರೆದಾಗಿನಿಂದಲೂ ಅವರಿಗೆ ನನ್ನ ತಲೆಯ ಮೇಲೆ ಅನುಮಾನ. ಹೀಗಾದರೆ ಮನೆಯ ಮಂಜೂರಾತಿಯೇ ತಪ್ಪಿಹೋದೀತು. ಏನೂ ಇಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ಟೇಪು ಹಿಡಿದುಕೊಂಡು ಗೆರೆಯ ಕಡೆ ದಾಪುಗಾಲು ಹಾಕಿದೆ.

ಆಮೇಲೆ ನನಗೆ ನೆನಪಿರುವುದು ಆಕಾಶ. ಅಂಗಾತ ಬಿದ್ದಿದ್ದೆ. ಹಣೆಯ ಮೇಲೆ ಸೀಮೆ ಬದನೆಯಷ್ಟು, ಖಂಡಿತ ಅದಕ್ಕಿಂತ ಚಿಕ್ಕದಲ್ಲದ ಒಂದು ಬುಗುಟು ಏಳುತ್ತಿತ್ತು. ಮೇಸ್ತ್ರಿ ಒದ್ದೆ ಬಟ್ಟೆ ಒತ್ತಿದರು.

"ತಾಗ್ತಾ?"

"ಹಗ್ಗ ಎಡವಿದೆ."

"ಹಗ್ಗ ಎಡವಿದ್ರೆ ಮುಂದಕ್ ಬೀಳ್ತಾರೆ ಸಾಹೇಬ್ರೇ," ಎಂದರು ಅವರು ಮೆಲ್ಲಗೆ. ಹಗ್ಗ ಆಚೆ ಪಾಯದ ಹತ್ತಿರ ಸುತ್ತಿಟ್ಟಿದ್ದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಅತ್ತೆ ಅಕ್ಕಿ ಆರಿಸುತ್ತಲೇ ಇದ್ದಳು.

ಓವರ್‌ಸೀಯರು ಟೇಪು ಸುತ್ತಿಕೊಂಡರು. "ಸೂರಿಲ್ಲದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಸೂರು ಹಾಕಿದರೆ ಬರ್ತೀನಿ," ಎಂದು ಹೇಳಿ ಬಸ್ಸಿಗೆ ಹೊರಟರು. ಹೊರಡುವಾಗ ಅವರೂ ಸುತ್ತಿಕೊಂಡೇ ಹೋದರು.

ಆ ಮಾತು ಕೇಳಿದ ಮೇಲೆ ನನಗೆ ಹೊಳೆದದ್ದು ಬೇರೆ ಯಾರಿಗಾದರೂ ಹೊಳೆದಿದ್ದರೆ ಮನೆಯವರು ಅವರನ್ನು ಕೂಡಿ ಹಾಕುತ್ತಿದ್ದರು. ಸೂರಿಲ್ಲದ್ದು ಲೆಕ್ಕಕ್ಕಿಲ್ಲ. ಅಂದರೆ ಸೂರೊಂದನ್ನು ಬಿಟ್ಟು ಉಳಿದದ್ದನ್ನು ಕೊಡಬಹುದು. ಅತ್ತೆ ಕೇಳಿದ್ದೇನು? ಅಗುಳಿ ತಾನೇ? ಹಳೇ ಮನೆಯ ಪಾಲಿನಲ್ಲಿ ಚೌಕಟ್ಟಿನ ಸಮೇತ ಒಂದು ಹಳೇ ಬಾಗಿಲು ನಮಗೆ ಬಂದಿತ್ತು. ಅದಕ್ಕೊಂದು ಮರದ ಅಗುಳಿ ಮಾಡಿಸಿದೆ. ಮೇಸ್ತ್ರಿ ಬೇಡ ಬೇಡವೆಂದರೂ ಕೇಳದೆ, ಅತ್ತೆ ಇಲ್ಲದ ಒಂದು ಬೆಳಗ್ಗೆ, ಗೆರೆಯಲ್ಲಿ ಬಾಗಿಲಿಗೆ ಬಿಟ್ಟ ಜಾಗದಲ್ಲಿ ಗುಂಡಿ ತೋಡಿ, ಕಲ್ಲು ಕೊಟ್ಟು, ಚೌಕಟ್ಟು ನಿಲ್ಲಿಸಿದೆವು. ಬಯಲಿನ ನಡುವೆ ಗೋಡೆಯಿಲ್ಲದ ಬಾಗಿಲು. ಒಂದು ಕತ್ತೆ ಬಂದು ಬಹಳ ಹೊತ್ತು ಅದರ ಮುಂದೆ ನಿಂತು ನೋಡಿ ಹಿಂದಿರುಗಿ ಹೋಯಿತು. ನಾನು ಹೋಗಲಿಲ್ಲ.

ಮಧ್ಯಾಹ್ನ ಅತ್ತೆ ಬಂದಳು. ಬಾಗಿಲು ನೋಡಿ ನಿಂತಳು. ನಾನು ಹಲ್ಲು ಕಿರಿದು, "ನೋಡತ್ತೆ, ನಿಜವಾದ್ದು," ಎಂದೆ. ಅವಳು ಮೆಲ್ಲಗೆ ತಳ್ಳಿ ಒಳಗೆ ಹೋದಳು, ಬಾಗಿಲು ಮುಚ್ಚಿದಳು. ಅಗುಳಿ ಸರಿದು ಗೂಡಿಗೆ ಕೂತ ಸದ್ದು ನನಗೆ ಚೆನ್ನಾಗಿ ಕೇಳಿಸಿತು, ಗಟ್ಟಿಯಾಗಿ, ಮರಕ್ಕೆ ಮರ ತಾಗಿದ ಸದ್ದು.

ಆ ಸದ್ದಿನ ಜೊತೆಗೇ ಗಾಳಿ ಒಳಗೆ ನುಗ್ಗಿತು. ಅವಳ ಸೆರಗು ತಲೆಯಿಂದ ಜಾರಿ ಹಾರಿತು. ಅವಳು ಎಡಕ್ಕೆ ನೋಡಿದಳು, ಪಕ್ಕದ ಸೈಟಿನ ಕಲ್ಲು. ಬಲಕ್ಕೆ ನೋಡಿದಳು, ಬುಟ್ಟಿ ಹೊತ್ತ ಹೆಂಗಸರು. ಹಿಂದೆ ರೈಲು ಹಳಿ, ಅದರಾಚೆ ಊರು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಎರಡೂ ಕೈಯಲ್ಲಿ ಸೆರಗು ಎಳೆದುಕೊಂಡು ಮೈಮೇಲೆ ಬಟ್ಟೆಯೇ ಇಲ್ಲದವಳ ಹಾಗೆ ನೆಲಕ್ಕೆ ಕುಸಿದು ಕೂತಳು. ನಾನು ಗೆರೆ ದಾಟಿ ಓಡಿದೆ. ಯಾವುದೂ ಹಣೆಗೆ ತಾಗಲಿಲ್ಲ.

"ಕೋಣೆ ಎಲ್ಲೋಯ್ತೋ?" ಎಂದಳು. ನನ್ನನ್ನು ಕೇಳಿದ ಹಾಗಿರಲಿಲ್ಲ.

ಮಣ್ಣು ಹೊರುವವರು ಅವತ್ತಿನ ಸಂಜೆಯಿಂದಲೇ ಅಡ್ಡ ಹಾಯತೊಡಗಿದರು. ಯಾರೂ ಅವರಿಗೆ ಹೇಳಿರಲಿಲ್ಲ. ರಂಗೋಲಿಯ ಮೇಲೆ ಹೆಜ್ಜೆ ಬಿದ್ದವು.

ಅತ್ತೆ ಮತ್ತೆ ಸೈಟಿನ ಕಡೆ ಹೋಗಲಿಲ್ಲ. ಹಳೇ ಮನೆಯ ಕಾಳಿನ ಕೋಣೆಯಲ್ಲಿ ವಾಡೆಗಳ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಮ್ಮ ಗಂಜಿ ತಂದಿಟ್ಟರೆ ಹಾಗೇ ತಣ್ಣಗಾಗುತ್ತಿತ್ತು. ನಾನು ಹೋಗಿ ಊರಿನ ನಗೆಮಾತನ್ನೆಲ್ಲ ಹೇಳಿದೆ, ಕತ್ತೆಯ ಕಥೆ ಹೇಳಿದೆ, ಬಾಗಿಲಿನ ವಿಷಯ ಬಂತೆಂದು ನಡುವೆ ನಿಲ್ಲಿಸಿದೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ರಾಗಿ ತೆಗೆಯಲು ಬಂದ ದೊಡ್ಡಪ್ಪನ ಮನೆಯವರು ಅವಳ ಕಾಲು ದಾಟಿಕೊಂಡು ಹೋದರು.

ಒಂದು ಸಂಜೆ ಅಪ್ಪ ನಕ್ಷೆ ತರಿಸಿ ಲಾಟೀನಿನ ಹತ್ತಿರ ಹಿಡಿದು ನೋಡಿದ. ಬೆರಳಿಟ್ಟು ಕೇಳಿದ.

"ಇದೇನು?"

"ಓದೋ ಕೋಣೆ."

"ಯಾರು ಓದೋರು?"

ನನಗೆ ಜೋಕು ಹೊಳೆಯಲಿಲ್ಲ. ಬೇರೆಯವರು ಕೇಳಿದ್ದರೆ ಹತ್ತು ಹೊಳೆಯುತ್ತಿದ್ದವು. ಅಪ್ಪನ ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. ಅವನು ಆ ಪ್ರಶ್ನೆಯನ್ನು ತನಗೇ ಕೇಳಿಕೊಂಡು, ಬಹಳ ದಿನದಿಂದ ಗೊತ್ತಿದ್ದ ಉತ್ತರವನ್ನು ಒಪ್ಪಿಕೊಂಡಂತಿತ್ತು.

"ಅಕ್ಕಂಗೆ ಬರಿ," ಎಂದ.

ರಬ್ಬರಿನಿಂದ ಎರಡು ಪದ ಅಳಿಸಿದೆ, ಒಂದು ಪದ ಬರೆದೆ. ಗೋಡೆ ಸರಿಯಬೇಕಾಗಿರಲಿಲ್ಲ, ಪಾಯ ಬದಲಾಗಬೇಕಾಗಿರಲಿಲ್ಲ, ಕಚೇರಿಗೆ ಹೋಗಬೇಕಾಗಿರಲಿಲ್ಲ. ಊದುವಷ್ಟರಲ್ಲಿ ರಬ್ಬರಿನ ಪುಡಿ ಹಾರಿಹೋಯಿತು. ಟಿ-ಸ್ಕ್ವೇರಿನ ಅಗತ್ಯವೂ ಬೀಳಲಿಲ್ಲ.

ಹೇಳಿದಾಗ ಅತ್ತೆ ಮೊದಲು ನಂಬಲಿಲ್ಲ. "ಇದಕ್ಕೆ ಗೋಡೆ ಐತಾ?" ಎಂದು ಕೇಳಿದಳು. ಸೊಂಟದೆತ್ತರ ಗೋಡೆ ಏಳುವವರೆಗೂ ಅವಳು ಬಂದು ನೋಡಲಿಲ್ಲ. ಬಂದ ದಿನ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ತಳ್ಳಿದಳು, ಇನ್ನೊಂದು ಕಡೆ ಹೋಗಿ ಅದನ್ನೂ ತಳ್ಳಿದಳು. ಮೇಸ್ತ್ರಿ, "ಬೀಳಲ್ಲ ಅಕ್ಕಾ, ನಾನ್ ಕಟ್ಟಿರೋದು," ಎಂದರು. "ದಪ್ಪ ಎಷ್ಟೈತೆ?" ಎಂದಳು. ಅವರು ಕೈಯಗಲಿಸಿ ತೋರಿಸಿದರು. ಆ ಸಂಜೆ ಗಂಜಿ ಕುಡಿದಳು.

ಈಗ ಮನೆ ಎದ್ದು, ಹೆಂಚು ಹೊದಿಸಿ, ನಾವು ಬಂದು ಕೆಲವು ವರ್ಷಗಳಾದವು. ಅತ್ತೆಯ ಕೋಣೆಗೆ ಒಳ್ಳೆಯ ಅಗುಳಿ ಇದೆ. ಮಧ್ಯಾಹ್ನ ಅವಳು ಅಗುಳಿ ಹಾಕಿಕೊಂಡರೆ ಬೆಂಕಿ ಬಿದ್ದರೂ ತೆಗೆಯುವುದಿಲ್ಲ. ನಾನು ಪಡಸಾಲೆಯಲ್ಲಿ ಮಲಗುತ್ತೇನೆ, ಬಂದವರೆಲ್ಲ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಅಪ್ಪನ ಪಾಲಿಗೆ ನಾನು ಈಗಲೂ ಇಂಜಿನಿಯರನೇ, ಆದರೆ ಏನನ್ನೂ ಬರೆಯಕೂಡದು.

ಹೋದ ಬೇಸಿಗೆಯಲ್ಲಿ ಅಮ್ಮ ಹಿತ್ತಲಲ್ಲಿ ಸಂಡಿಗೆ ಹಾಕುತ್ತಿದ್ದಳು. ನಾನು ಕಾಗೆ ಓಡಿಸುವ ಹುದ್ದೆಯಲ್ಲಿದ್ದೆ. ಸುಮ್ಮನೆ ಕೂರಲಾರದೆ ಆ ಆಷಾಢದ ಮಧ್ಯಾಹ್ನದ ಕಥೆಯನ್ನು, ನನ್ನ ಪಂಚೆಯನ್ನು ಇನ್ನೂ ಸ್ವಲ್ಪ ದೂರ ಹಾರಿಸಿ, ಹೇಳತೊಡಗಿದೆ. ಅತ್ತೆ ಒಬ್ಬಳೇ ಕೂತು ಕೌದಿ ಹೊಲಿಯುತ್ತಿದ್ದದ್ದು, ನಾನು ಗಂಟಲು ಹರಿಯುವಂತೆ ಕೂಗಿದ್ದು. ಅಮ್ಮ ಸಂಡಿಗೆ ಬಿಡುವುದನ್ನು ನಿಲ್ಲಿಸಿದಳು.

"ಒಬ್ಳೇ ಎಲ್ಲಿದ್ಲು? ನಾನೂ ಇದ್ದೆ ಕಣೋ."

"ಎಲ್ಲಿದ್ದೆ?"

"ಅಕ್ಕನ ಪಕ್ಕದಾಗೇ ಮಲಗಿದ್ದೆ. ನಂಗೂ ದಿನಾ ಒಂದ್ ಗಳಿಗೆ ಬಾ ಅಂದಿದ್ರು. ಒಳಗೆ ಎಷ್ಟು ತಂಪಾಗಿತ್ತು ಗೊತ್ತಾ?"

ನಾನು ಅವಳ ಮುಖ ನೋಡಿದೆ. ಅಮ್ಮನಿಗೆ ತಮಾಷೆ ಮಾಡಿ ಅಭ್ಯಾಸವಿಲ್ಲ, ಆ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ. ನಾನು ಕೈಚಾಚುವಷ್ಟು ದೂರದಲ್ಲಿ ನಿಂತಿದ್ದೆ, ಮಧ್ಯಾಹ್ನದ ಬಿಸಿಲಿತ್ತು, ಒಂದೊಂದು ದಾರದ ಎಳೆಯೂ ಕಾಣುತ್ತಿತ್ತು ಎಂದು ಹೇಳಿದೆ.

"ಆ ಗೋಡೆಯಾಚೆ ನಿಂತ್ಕಂಡು ಕೂಗ್ತಿದ್ಯಲ್ಲ, ಆಗ್ಲೇ. ನೀವಿಬ್ರೂ ಹೋದ ಮೇಲೆ ಒಂದು ನಿದ್ದೆ ತೆಗ್ದು ಬಂದೆ," ಎಂದು ಅಮ್ಮ ಮತ್ತೆ ಸಂಡಿಗೆ ಬಿಡತೊಡಗಿದಳು. ಒಂದು ಸಾಲು ಮುಗಿಸಿ, ತಲೆ ಎತ್ತದೆ ಹೇಳಿದಳು.

"ಇನ್ನೊಂಚೂರು ಹೊತ್ತು ಬಾಗ್ಲು ತೆಗೀಬ್ಯಾಡಿ ಅಕ್ಕ ಅಂತ ನಾನೇ ಹೇಳಿದ್ದು."